ಐದರಿಂದ ಏಳರವರೆಗೆ

ಬೇಕರಿಯಾಕೆ ಕನ್ನಡಿಯನ್ನು ಒಮ್ಮೆ ಹತ್ತಿರ ಹಿಡಿದು, ಒಮ್ಮೆ ದೂರ ಹಿಡಿದು ನೋಡಿಕೊಂಡಳು. ಹೊಸ ಎಡಗಣ್ಣು ಹಾಕಿಸಿಕೊಂಡು ಇನ್ನೂ ಐದು ನಿಮಿಷ ಆಗಿರಲಿಲ್ಲ. ರೆಪ್ಪೆ ಬಡಿದಳು. ಬಾಗಿಲ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು. ನಿಜವಾದ ಕಣ್ಣಿನ ಜೊತೆ ಹೊಸದೂ ತಕ್ಕಮಟ್ಟಿಗೆ ತಿರುಗಿತು.

"ಚೆನ್ನಾಗಿದೆ," ಎಂದಳು. "ನನ್ನ ಕಣ್ಣಿಗಿಂತ ಇದೇ ಸರಿಯಾಗಿ ನಿದ್ದೆ ಮಾಡಿದ ಹಾಗೆ ಕಾಣುತ್ತೆ."

ಕಾರ್ಯಾಗಾರದ ಯಜಮಾನರು ನಕ್ಕರು. ಮೂವತ್ತೈದು ವರ್ಷದಿಂದ ಜನರಿಗೆ ಕೃತಕ ಕಣ್ಣು ಮಾಡಿಕೊಡುತ್ತಿರುವ ಅವರಿಗೆ, ಕನ್ನಡಿ ಹಿಡಿದವರು ಅಳುವುದೂ ಗೊತ್ತು, ಜೋಕು ಮಾಡುವುದೂ ಗೊತ್ತು. ಎಲ್ಲರಿಗೂ ಹೇಳುವ ಮಾತನ್ನು ಈಕೆಗೂ ಹೇಳತೊಡಗಿದರು. ವಾರಕ್ಕೊಮ್ಮೆ ತೆಗೆದು ತೊಳೆಯಬೇಕು. ಹನಿ ಔಷಧಿ ಬಿಡುತ್ತಿರಬೇಕು. "ಇನ್ನೊಂದು ವಿಷಯ. ನಿದ್ದೆ ಮಾಡುವಾಗ ಆ ಕಡೆ ರೆಪ್ಪೆ ಪೂರ್ತಿ ಮುಚ್ಚದೇ ಇರಬಹುದು. ಮನೆಯವರಿಗೆ ಮೊದಲೇ ಹೇಳಿಡಿ, ನೋಡಿ ಹೆದರ್ಕೋತಾರೆ."

"ಹೆದರೋಕೆ ಮನೇಲಿ ಯಾರೂ ಇಲ್ಲ. ನಾನು ಮಲಗೋದೂ ಹಗಲು ಹೊತ್ತು," ಎಂದಳು ಬೇಕರಿಯಾಕೆ.

ಎದುರಿನ ಸ್ಟೂಲಿನ ಮೇಲೆ ಕೂತಿದ್ದ, ಎಲ್ಲರೂ ತಂಗಿ ಎಂದೇ ಕರೆಯುವ ಹೆಂಗಸು ಮಾತ್ರ ಈ ಮಾತುಕತೆಗೆ ಸೇರಿರಲಿಲ್ಲ. ಆ ಕಣ್ಣಿಗೆ ಬಣ್ಣ ಬರೆದವಳು ಅವಳು. ಅವಳಿಗೂ ಒಂದು ಹೆಸರಿದೆ, ಆದರೆ ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗುವುದಿಲ್ಲ. ಅವಳ ಅಕ್ಕ ಇಡೀ ಬೀದಿಗೆ ಕೇಳುವ ಹಾಗೆ "ತಂಗೀ" ಎಂದು ಕರೆಯುತ್ತಿದ್ದಳು. ಬೀದಿಯವರು ಅದನ್ನೇ ಹಿಡಿದರು. ಮರೆತು ಬಂದ ಊಟದ ಡಬ್ಬಿ ತಲುಪಿಸಲು ಅಕ್ಕ ಇಲ್ಲಿಗೆ ಬಂದು ಬಂದು, ಕೆಲಸದವರೂ ಅದನ್ನೇ ಹಿಡಿದರು. ಈಗ ತಂಗಿಗೆ ನಲವತ್ತೇಳು ವರ್ಷ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿದೆ. ಕರೆಯುವವಳು ಹೋದರೂ ಕರೆಯುವ ಹೆಸರು ಹೋಗಿಲ್ಲ.

ತಂಗಿ ಬೇಕರಿಯಾಕೆಯ ಎಡಗಣ್ಣನ್ನೇ ನೋಡುತ್ತಿದ್ದಳು. ಕಡುಗಂದು ಬಣ್ಣದೊಳಗೆ, ಗಡಿಯಾರದಲ್ಲಿ ನಾಲ್ಕು ಇರುವ ಜಾಗದಲ್ಲಿ, ತುಕ್ಕಿನ ಬಣ್ಣದ ಒಂದು ಚುಕ್ಕೆ ಇತ್ತು. ಅರ್ಧ ಎಳ್ಳಿನಷ್ಟು ದೊಡ್ಡದು. ಬಲಗಣ್ಣಿನಲ್ಲಿ ಅಂಥದ್ದೇನೂ ಇರಲಿಲ್ಲ. ಅಷ್ಟೇ ಅಲ್ಲ, ಆ ಕಂದು ಬಣ್ಣವೂ ಬೇರೆ. ಅಂಚಿಗೆ ಹೋಗುತ್ತಾ ಹಸಿರಿಗೆ ತಿರುಗುವ ಕಂದು. ಬೇರೆಯವರಿಗೆ ಎರಡೂ ಕಣ್ಣು ಒಂದೇ. ಮೂರು ಮೊಳ ದೂರದಲ್ಲಿ ನಿಂತ ಯಜಮಾನರಿಗೂ ಒಂದೇ. ತಂಗಿಗೆ ಮಾತ್ರ ಅಲ್ಲ. ಬೇಕರಿಯಾಕೆಯ ಮುಖದೊಳಗಿಂದ ತಂಗಿಯ ಅಕ್ಕ ಅವಳನ್ನು ನೋಡುತ್ತಿದ್ದಳು.

ಹೇಗಾಯಿತು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕಣ್ಣು ಬರೆಯುವುದಕ್ಕೆ ಆ ಕಾರ್ಯಾಗಾರದಲ್ಲಿ ಒಂದು ಕ್ರಮ ಇದೆ. ಬೆರಳಿನ ಉಗುರಿಗಿಂತ ಚಿಕ್ಕದಾದ ಕಪ್ಪು ಬಿಲ್ಲೆಯ ಮೇಲೆ ಒಂದರ ಮೇಲೊಂದು ಬಣ್ಣದ ಪದರ ಹಚ್ಚುತ್ತಾ ಹೋಗಬೇಕು. ಪ್ರತಿ ಪದರಕ್ಕೂ ತಲೆಯೆತ್ತಿ ಎದುರು ಕೂತವರ ಇನ್ನೊಂದು ಕಣ್ಣನ್ನು ನೋಡಬೇಕು. ಬಣ್ಣ ಸರಿಯಾಗಿದೆಯೇ ಎಂದು ತಿಳಿಯಲು ಬಿಲ್ಲೆಯ ಮೇಲೆ ಒಂದು ಹನಿ ನೀರು ಬಿಡಬೇಕು. ಆ ಹನಿಯ ಕೆಳಗೆ ಅದು ಪಕ್ಕನೆ ಜೀವ ತಳೆದು ನೋಡತೊಡಗುತ್ತದೆ. ಕೊನೆಗೆ ಬಿಳಿಯ ಭಾಗದ ಮೇಲೆ ರಕ್ತನಾಳಗಳಿಗಾಗಿ ಕೆಂಪು ರೇಷ್ಮೆಯ ಎಳೆ ಅಂಟಿಸಿ, ಮೇಲೆ ಗಾಜಿನಂಥ ಕವಚ ಹಾಕಿ ಉಜ್ಜಿ ಹೊಳಪು ಕೊಡುವುದು. ಎದುರಿಗೆ ಕಣ್ಣಿಲ್ಲದೆ ಕುಂಚ ಮುಟ್ಟಬಾರದು ಎನ್ನುವುದು ಯಜಮಾನರು ಹಾಕಿದ ಮೊದಲ ನಿಯಮ.

ಕಳೆದ ವಾರ ಬಣ್ಣ ಅರ್ಧಕ್ಕೆ ಬಂದಾಗ ಬೇಕರಿಯಾಕೆಗೆ ಕರೆ ಬಂದಿತ್ತು, ಒಲೆ ಕೆಟ್ಟಿದೆ ಎಂದು. ನಾಳೆ ಬರುತ್ತೇನೆ ಎಂದು ಎದ್ದು ಹೋದಳು. ಆ ನಾಳೆಯ ದಿನ ತಂಗಿ ಅರ್ಧ ದಿನ ರಜೆ ಕೇಳಿದ್ದಳು, ಮನೆಯಲ್ಲಿ ಚಿತ್ರ ಬರೆಯಲು. ಯಜಮಾನರೂ ಊರಲ್ಲಿರಲಿಲ್ಲ. ಇಪ್ಪತ್ತು ವರ್ಷ ಕಣ್ಣು ಬರೆದ ಕೈ, ಉಳಿದ ನಾಲ್ಕು ಪದರವನ್ನು ನೆನಪಿನಿಂದ ಹಚ್ಚಿದರೆ ಏನಾದೀತು ಎಂದುಕೊಂಡು ಅಂದೇ ಹಚ್ಚಿ ಮುಗಿಸಿದಳು. ಕೈ ತನಗೆ ನೆನಪಿದ್ದ ಕಣ್ಣನ್ನೇ ಬರೆದಿತ್ತು.

ಈಗ ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ಹೊಸದಾಗಿ ಮಾಡಬೇಕು. ಇಲ್ಲಿನ ನಿಯಮದ ಪ್ರಕಾರ ತಪ್ಪಿದ ಕಣ್ಣನ್ನು ಅದನ್ನು ಮಾಡಿಸಿದವರ ಎದುರಿಗೇ ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಿಂದ ಒಡೆಯಬೇಕು. ಬೇರೆ ಯಾರದೋ ಮುಖಕ್ಕೆ ಹೋಗಬಾರದು, ಡ್ರಾಯರಿನಲ್ಲಿ ಬಿದ್ದುಕೊಂಡು ನೋಡುತ್ತಲೂ ಇರಬಾರದು ಎನ್ನುತ್ತಾರೆ ಯಜಮಾನರು. ಅಂದರೆ ಅಕ್ಕನ ಕಣ್ಣು ಒಂದೋ ಈ ಹೆಂಗಸಿನ ಜೊತೆ ಎದ್ದು ಹೋಗುತ್ತದೆ, ಇಲ್ಲವೇ ಪುಡಿಯಾಗುತ್ತದೆ.

ಬೇಕರಿಯಾಕೆ ಎದ್ದು ಶಾಲು ಹೊದ್ದುಕೊಂಡಳು.

"ಸರ್, ಇದನ್ನ ಕೊಡೋ ಹಾಗಿಲ್ಲ," ಎಂದಳು ತಂಗಿ.

"ಯಾಕಮ್ಮಾ? ಅವರೇ ಚೆನ್ನಾಗಿದೆ ಅಂತಿದಾರೆ."

"ಅದು ಅವರ ಕಣ್ಣಲ್ಲ. ಕೊನೇ ನಾಲ್ಕು ಪದರ ನಾನು ಅವರಿಲ್ಲದಾಗ ಹಾಕ್ದೆ."

ಯಜಮಾನರು ಭೂತಕನ್ನಡಿ ತಂದು, ಬೇಕರಿಯಾಕೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಾಯಿತು. ಬಯ್ಯುವಾಗ ಅವರ ದನಿ ಏರುವುದಿಲ್ಲ, ಇಳಿಯುತ್ತದೆ. "ಇಪ್ಪತ್ತು ವರ್ಷದಿಂದ ಹೇಳ್ಕೊಂಡು ಬಂದಿದೀನಿ. ಮನೇಲಿ ನೀನು ಏನು ಬೇಕಾದ್ರೂ ಬರಿ, ಯಾವತ್ತಾದ್ರೂ ಬೇಡ ಅಂದಿದೀನಾ? ಆದರೆ ಇಲ್ಲಿ ಕೂತಾಗ ಇಲ್ಲೇ ಇರಬೇಕು ತಾನೆ."

"ತಪ್ಪಾಯ್ತು ಸರ್."

"ಸೋಮವಾರ ಹೊಸದು ಶುರು ಮಾಡು. ಇದನ್ನ ಈಗಲೇ ತೆಗೀರಿ."

"ಒಂದ್ನಿಮಿಷ," ಎಂದಳು ಬೇಕರಿಯಾಕೆ. "ಸೋಮವಾರದ ತನಕ ಮತ್ತೆ ಕಣ್ಣಿನ ಜಾಗಕ್ಕೆ ಆ ಬಿಳೀ ಚಿಪ್ಪು ಹಾಕ್ಕೊಂಡು ಓಡಾಡ್ಲಾ? ಬ್ರೆಡ್ ತಗೊಳ್ಳೋಕೆ ಬಂದ ಮಕ್ಕಳು ಅಮ್ಮನ ಹಿಂದೆ ಬಚ್ಚಿಟ್ಟುಕೊಳ್ತಾವೆ. ಇದು ಯಾರ ಕಣ್ಣಾದ್ರೂ ಆಗ್ಲಿ, ಸೋಮವಾರದವರೆಗೆ ನನ್ನ ಹತ್ರ ಇರ್ಲಿ. ಆಮೇಲೆ ನೀವುಂಟು, ನಿಮ್ಮ ಸುತ್ತಿಗೆ ಉಂಟು."

ಯಜಮಾನರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಅಂದು ಗುರುವಾರ.

ಬೇಕರಿಯಾಕೆಯ ಹಿಂದೆಯೇ ತಂಗಿ ಮೆಟ್ಟಿಲಿಳಿದು ಬಂದಳು. ಬೀದಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು. ಅವಳನ್ನು ತಡೆದು, "ನೀವು ಒಂದಿಷ್ಟು ಹೊತ್ತು ನಮ್ಮ ಮನೆಗೆ ಬಂದು ಕೂತ್ಕೋತೀರಾ?" ಎಂದು ಕೇಳಿಬಿಟ್ಟಳು.

"ಯಾಕೆ?"

"ನೋಡೋಕೆ."

"ಐವತ್ತೆಂಟು ವರ್ಷ ಆಯ್ತು ನನಗೆ. ನೋಡೋಕೆ ಅಂತ ಯಾರೂ ಕರೆದಿರ್ಲಿಲ್ಲ," ಎಂದಳು ಬೇಕರಿಯಾಕೆ. ಆಮೇಲೆ ತಂಗಿಯ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು. "ಯಾರ ಕಣ್ಣಿದು?"

"ನಮ್ಮಕ್ಕಂದು."

"ಇದಾರಾ?"

"ಇಲ್ಲ."

ಬೇಕರಿಯಾಕೆ ಕೈಯೆತ್ತಿ ತನ್ನ ಎಡಗೆನ್ನೆ ಮುಟ್ಟಿಕೊಂಡಳು, ಅಲ್ಲಿ ಯಾರೋ ನಿಂತಿದ್ದಾರೆಂಬಂತೆ. "ನನ್ನ ಕೆಲಸ ಬೆಳಿಗ್ಗೆ ನಾಲ್ಕೂವರೆಗೆ ಮುಗಿಯುತ್ತೆ. ಮನೆ ಕಡೆ ಮೊದಲ ಬಸ್ಸು ಏಳೂ ಹತ್ತಕ್ಕೆ. ಅಲ್ಲೀವರೆಗೆ ಹಿಟ್ಟಿನ ಚೀಲದ ಮೇಲೆ ಕೂತಿರ್ತೀನಿ. ಅದರ ಬದಲು ನಿಮ್ಮ ಮನೇಲಿ ಕೂತ್ಕೊಂಡ್ರಾಯ್ತು. ಆ ಹೊತ್ತಿಗೆ ಎದ್ದಿರ್ತೀರಾ?"

"ಎದ್ದಿರ್ತೀನಿ," ಎಂದಳು ತಂಗಿ.

ಐದರಿಂದ ಏಳು. ಹತ್ತೊಂಬತ್ತು ವರ್ಷದಿಂದ ಅವಳ ಚಿತ್ರಕಲೆ ಹೆಚ್ಚುಕಡಿಮೆ ಎಲ್ಲವೂ ಆ ಎರಡು ಗಂಟೆಯಲ್ಲೇ ನಡೆದಿದೆ. ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಬರುವಾಗ ಕಣ್ಣು ಸೋತು, ಬೀದಿ ದೀಪವೂ ಎರಡೆರಡಾಗಿ ಕಾಣುತ್ತದೆ. ಕೆಲಸ ಬಿಡು, ಇಲ್ಲದಿದ್ದರೆ ಕಲಾವಿದೆ ಆಗುವುದಿಲ್ಲ ಎಂದವರಿದ್ದರು. ಚಿತ್ರ ಬಿಡು, ಕೈಗೆ ಒಳ್ಳೆಯ ಕೆಲಸ ಇದೆಯಲ್ಲ ಎಂದವರೂ ಇದ್ದರು. ಯಾವುದನ್ನೂ ಬಿಡಬೇಡ, ಎರಡೂ ಮಾಡು ಎಂದವಳು ಅಕ್ಕ ಒಬ್ಬಳೇ. ಹೇಳಿ ಸುಮ್ಮನಾಗಲಿಲ್ಲ. ಒಳಕೋಣೆಯ ಬಾಗಿಲ ಹೊರಗೆ ಕೈಯಿರುವ ಮರದ ಕುರ್ಚಿಯೊಂದನ್ನು ಹಾಕಿ, ಐದಕ್ಕೆ ಬಂದು ಕೂತುಬಿಡುತ್ತಿದ್ದಳು. ಹಾಲಿನವನು, ಪಕ್ಕದ ಮನೆಯವಳು, ನೆಂಟರ ಫೋನು, ಯಾವುದೂ ಆ ಕುರ್ಚಿ ದಾಟಿ ಒಳಗೆ ಬರುತ್ತಿರಲಿಲ್ಲ. "ಒಳಗೆ ಹೆರಿಗೆ ನಡೀತಿದೆ, ಏಳು ಗಂಟೆ ಮೇಲೆ ಬನ್ನಿ," ಎನ್ನುತ್ತಿದ್ದಳು. ಶಾಲೆಯೊಂದರ ಕಚೇರಿಯಲ್ಲಿ ಮೂವತ್ತು ವರ್ಷ ಹಾಜರಿ ಬರೆದವಳು ಅಕ್ಕ. ಹೊತ್ತು ಕಾಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಹಗಲೆಲ್ಲ ಕಣ್ಣು ಬರೆಯುವ ತಂಗಿ ಬೆಳಗಿನ ಹೊತ್ತು ಬರೀ ಬೆನ್ನುಗಳನ್ನು ಬರೆಯುತ್ತಿದ್ದಳು. ಬಸ್ಸಿಗೆ ಕಾದು ನಿಂತವರ ಬೆನ್ನು, ತೊಟ್ಟಿಯ ಮೇಲೆ ಬಾಗಿ ಪಾತ್ರೆ ತೊಳೆಯುವವಳ ಬೆನ್ನು, ಬೆಂಚಿನ ಮೇಲೆ ಜಗಳ ಮಾಡಿಕೊಂಡು ಕೂತ ಗಂಡಹೆಂಡಿರ ಬೆನ್ನು. "ನಿನ್ನ ಚಿತ್ರದೋರಿಗೆಲ್ಲ ನನ್ನ ಮೇಲೇನು ಕೋಪ? ಒಬ್ಬರೂ ಈ ಕಡೆ ತಿರುಗಲ್ಲ," ಎಂದು ಅಕ್ಕ ಗೊಣಗುತ್ತಿದ್ದಳು. ನಾಲ್ಕೈದು ಜನರ ಜೊತೆ ಒಂದೊಂದು ಚಿತ್ರ ಇಟ್ಟದ್ದು ಬಿಟ್ಟರೆ, ತನ್ನದೇ ಪ್ರದರ್ಶನ ಅಂತ ಆಗಲು ಇಷ್ಟು ವರ್ಷ ಬೇಕಾಯಿತು. ಹನ್ನೊಂದು ಚಿತ್ರ. ಹತ್ತು ಬೆನ್ನುಗಳು ಆಗಲೇ ಗ್ಯಾಲರಿ ಸೇರಿದ್ದವು. ಹನ್ನೊಂದನೆಯದು ಅಕ್ಕನದು, ಮುಖವಿರುವ ಒಂದೇ ಚಿತ್ರ. ಅದನ್ನು ಒಯ್ಯಲು ಸೋಮವಾರ ಗಾಡಿ ಬರುವುದಿತ್ತು. "ಎದುರಿನ ಗೋಡೆ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಖಾಲಿ ಗೋಡೆ ತೋರಿಸೋಕಾಗಲ್ಲ ನೋಡಿ," ಎಂದು ಗ್ಯಾಲರಿಯಾಕೆ ಫೋನಿನಲ್ಲಿ ಎರಡು ಸಲ ಹೇಳಿದ್ದಳು.

ಚಿತ್ರದಲ್ಲಿ ಅಕ್ಕ ಅದೇ ಕುರ್ಚಿಯಲ್ಲಿ ಕೂತಿದ್ದಾಳೆ. ಅರ್ಧ ಮುಖ ನೆರಳಿನಲ್ಲಿದೆ, ಕಾಣಬೇಕಾದದ್ದು ಎಡಗಣ್ಣು ಒಂದೇ. ಉಳಿದದ್ದೆಲ್ಲ ಮುಗಿದು ಎಂಟು ತಿಂಗಳಾಗಿತ್ತು. ಆ ಕಣ್ಣು ಮಾತ್ರ ಬರುತ್ತಿರಲಿಲ್ಲ. ಬರೆದು ಒರೆಸಿ, ಬರೆದು ಒರೆಸಿ, ಕ್ಯಾನ್ವಾಸು ಆ ಜಾಗದಲ್ಲಿ ತೆಳ್ಳಗಾಗಿತ್ತು. ಇದ್ದಬದ್ದ ಫೋಟೋಗಳು ಉಪಯೋಗಕ್ಕೆ ಬರಲಿಲ್ಲ. ಕ್ಯಾಮೆರಾ ಎದುರು ಬಂದರೆ ಸಾಕು, ಅಕ್ಕ ಕಣ್ಣು ಮುಚ್ಚಿ ನಗುತ್ತಿದ್ದಳು. ನೆನಪಿನಿಂದ ಬರೆಯೋಣವೆಂದರೆ ಪ್ರತಿ ಸಲವೂ ಬರುವುದು ಒಂದೇ ಕಣ್ಣು, ಅಕ್ಕ ತೀರಿಕೊಂಡ ದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದಾಗ ತಂಗಿ ನೋಡಿದ ಕಣ್ಣು. ಅದನ್ನು ಅವಳು ಗೋಡೆಗೆ ಹಾಕಲಾರಳು.

ಶುಕ್ರವಾರ ಐದಕ್ಕೆ ಸರಿಯಾಗಿ ಬೇಕರಿಯಾಕೆ ಬಂದಳು. ಅವಳ ಹಿಂದೆಯೇ ಬಿಸಿ ಬ್ರೆಡ್ಡಿನ ವಾಸನೆ ಬಂತು. ತಂಗಿ ಅವಳಿಗಾಗಿ ಅಡುಗೆಮನೆಯಿಂದ ಒಂದು ಸ್ಟೂಲು ತಂದಿಟ್ಟಿದ್ದಳು.

"ಇಷ್ಟು ಒಳ್ಳೇ ಕುರ್ಚಿ ಇಟ್ಕೊಂಡು ನನ್ನ ಇದರ ಮೇಲೆ ಕೂರಿಸ್ತೀರಾ?" ಎಂದಳು ಬೇಕರಿಯಾಕೆ. "ಇಡೀ ರಾತ್ರಿ ನಿಂತು ಬಂದಿದೀನಿ. ಬೆನ್ನು ಒರಗಿಸೋಕೆ ಏನಾದ್ರೂ ಬೇಕು."

ತಂಗಿ ಉತ್ತರ ಕೊಡುವ ಮೊದಲೇ ಅವಳು ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತಿದ್ದಳು. ಕುರ್ಚಿ ಕಿರುಗುಟ್ಟಿತು. ನಾಲ್ಕು ವರ್ಷದಿಂದ ಅದರಲ್ಲಿ ಯಾರೂ ಕೂತಿರಲಿಲ್ಲ, ಆದರೂ ಆ ಸದ್ದು ತಂಗಿಗೆ ಹೊಸದಲ್ಲ. ಬೆಳಗಿನ ಆರೂವರೆಯ ಸುಮಾರಿಗೆ, ಮುಚ್ಚಿದ ಬಾಗಿಲ ಆಚೆಯಿಂದ, ಆಗಾಗ ಅದು ಕೇಳಿಬರುತ್ತಿತ್ತು. ಹಳೆಯ ಮರ, ಹೊತ್ತೇರುವಾಗ ಬಿಗಿಯುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಮೊದಲ ವರ್ಷ ಎದ್ದು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು.

ಆ ದಿನ ಬಾಗಿಲನ್ನು ತೆರೆದೇ ಇಟ್ಟು ಕೆಲಸ ಶುರು ಮಾಡಿದಳು. ಕಿಟಕಿಯ ಬೆಳಕು ಏರುತ್ತಾ ಬಂದ ಹಾಗೆ, ಬೇಕರಿಯಾಕೆಯ ಅಗಲ ಮುಖ, ಒಲೆಯ ಕಾವಿಗೆ ಕಪ್ಪಿಟ್ಟ ಕೆನ್ನೆ ಎಲ್ಲ ಹಿಂದೆ ಸರಿದು, ರೆಪ್ಪೆಯ ಕೆಳಗೆ ಒದ್ದೆಯಾಗಿ ಹೊಳೆಯುವ ಆ ಕಣ್ಣೊಂದೇ ಉಳಿಯುತ್ತಿತ್ತು. ತಂಗಿ ಅದನ್ನು ಕಾರ್ಯಾಗಾರದಲ್ಲಿ ಅಂಗೈಯಲ್ಲಿಟ್ಟುಕೊಂಡು ನೋಡಿದ್ದಳು. ಅಂಗೈಯಲ್ಲಿ ಅದು ಬಣ್ಣ ಬಳಿದ ಪ್ಲಾಸ್ಟಿಕ್ಕು. ಮುಖದಲ್ಲಿ ಅಕ್ಕ. ಏನು ಬರೆದೆ ಇವತ್ತು, ಇನ್ನೂ ಬೆನ್ನೇನಾ, ಎಂದು ಕೇಳಲು ಬಾಯಿ ತೆರೆಯುವ ಮೊದಲು ಅಕ್ಕ ನೋಡುತ್ತಿದ್ದ ನೋಟ.

ಮೊದಲ ದಿನ ರೆಪ್ಪೆಯ ಅಂಚು, ಬಿಳಿಯ ಭಾಗ ಆಯಿತು. ಒಂದು ಸಲವೂ ಒರೆಸಲಿಲ್ಲ. ಏಳು ಹೊಡೆದಾಗ ತಂಗಿ ಸಂತೋಷದಿಂದ ಕುಂಚ ತೊಳೆದಳು. ಸಂತೋಷಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಶನಿವಾರ ಬೇಕರಿಯಾಕೆ ಕುರ್ಚಿಗೆ ಒರಗಿಕೊಂಡು, "ನಿಮ್ಮಕ್ಕ ಹೇಗೆ ಹೋದ್ರು?" ಎಂದು ಕೇಳಿದಳು.

ತಂಗಿ ಈ ಕಥೆಯನ್ನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಹೃದಯಾಘಾತ ಎಂದಷ್ಟೇ ಹೇಳಿ ಮುಗಿಸುತ್ತಿದ್ದಳು. ಕುಂಚ ಓಡುತ್ತಿರುವಾಗ, ಎದುರಿಗೆ ಆ ಕಣ್ಣು ಇರುವಾಗ, ಅದು ತಾನಾಗಿಯೇ ಬಾಯಿಗೆ ಬಂತು.

"ಈ ಕುರ್ಚಿಯಲ್ಲೇ. ನಾನು ಏಳಕ್ಕೆ ಬಾಗಿಲು ತೆಗೆದಾಗ ಹೋಗಿದ್ಲು. ಅರ್ಧ ಗಂಟೆ ಆಗಿರಬಹುದು ಅಂದ್ರು ಡಾಕ್ಟ್ರು. ಚಪ್ಪಲಿ ಹಾಕ್ಕೊಂಡಿದ್ಲು. ಶಾಲು ಹೊದ್ದಿದ್ಲು. ಮಡಿಲಲ್ಲಿ ಆಸ್ಪತ್ರೆ ಕಾರ್ಡು ಇತ್ತು."

"ಹೊರಡೋಕೆ ರೆಡಿ ಆಗಿದ್ರು ಅನ್ನಿ."

"ಹ್ಞೂಂ. ಏಳಾಗ್ಲಿ ಅಂತ ಕಾಯ್ತಾ ಇದ್ಲು."

ತಂಗಿಗೆ ಇನ್ನು ನಿಲ್ಲಿಸಲಾಗಲಿಲ್ಲ. "ಒಂದು ಸಲ ಕುರ್ಚಿ ಸದ್ದಾಯ್ತು. ನನಗೆ ಕೇಳಿಸ್ತು. ಇವಳೊಬ್ಬಳು ನೆಟ್ಟಗೆ ಕೂತ್ಕೊಳ್ಳಲ್ಲವಲ್ಲ ಅಂತ ಸಿಟ್ಟು ಬಂತು. ಬಸ್ ಸ್ಟಾಪಿನ ಚಿತ್ರ ಬರೀತಿದ್ದೆ ಆಗ. ಒಂದು ನೆರಳು ಸರಿ ಬರ್ತಿರ್ಲಿಲ್ಲ."

"ಆಮೇಲೆ ಸರಿ ಬಂತಾ?"

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಬ್ರೆಡ್ಡು ಉಬ್ಬಿತೇ ಎಂದು ಕೇಳುವ ಹಾಗೆ ಕೇಳಿದ್ದಳು. "ಬಂತು," ಎಂದಳು ತಂಗಿ. "ಅದೇ ಚಿತ್ರ ನೋಡಿ ಗ್ಯಾಲರಿಯೋರು ಈ ಪ್ರದರ್ಶನ ಮಾಡೋಣ ಅಂದಿದ್ದು."

ಹೊರಗೆ ಯಾರದೋ ಸೈಕಲ್ಲಿನ ಬೆಲ್ಲು ಕೇಳಿತು. ಬೇಕರಿಯಾಕೆ ಉಗುರಿನ ಸಂದಿಯ ಒಣಗಿದ ಹಿಟ್ಟನ್ನು ಕೆರೆಯುತ್ತಾ ಕೂತಳು. ಸಮಾಧಾನ ಹೇಳುತ್ತಾಳೆಂದು ತಂಗಿ ಒಳಗೊಳಗೇ ಹೆದರಿದ್ದಳು. ಅವಳು ಹೇಳಲಿಲ್ಲ.

"ಒಂದು ಕೇಳ್ಲಾ? ಅವರು ಕರೆದಿದ್ರೆ ಎದ್ದು ಬರ್ತಿದ್ರಾ ನೀವು?"

ಕುಂಚ ನಿಂತಿತು. ಎದ್ದು ಓಡಿ ಬರುತ್ತಿದ್ದೆ ಎಂದು ಹೇಳಲು ಬಾಯಿ ತೆರೆದಳು. ನಾಲ್ಕು ವರ್ಷದಿಂದ ಪ್ರತಿ ಬೆಳಿಗ್ಗೆ ಅದನ್ನೇ ತನಗೆ ಹೇಳಿಕೊಂಡಿದ್ದಳು. ಆದರೆ ಎದುರಿಗೆ ಅಕ್ಕನ ಕಣ್ಣಿತ್ತು. ಹದಿನೈದು ವರ್ಷ ಆ ಬಾಗಿಲು ಕಾದವಳ ಎದುರು ಸುಳ್ಳು ಹೇಳುವುದಾದರೂ ಹೇಗೆ. ಒಂದು ಸಲ ಅಕ್ಕ ಜ್ವರದಲ್ಲಿ ನೀರು ಬೇಕೆಂದು ಕರೆದದ್ದು, "ಏಳಕ್ಕೆ" ಎಂದು ತಾನು ಒಳಗಿನಿಂದಲೇ ಕೂಗಿದ್ದು, ಅಕ್ಕ ಆಮೇಲೆ ಅದನ್ನೇ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದು, ಎಲ್ಲ ನೆನಪಾಯಿತು.

"ಗೊತ್ತಿಲ್ಲ," ಎಂದಳು ಕೊನೆಗೆ.

"ಹ್ಞೂಂ," ಎಂದಳು ಬೇಕರಿಯಾಕೆ. "ನನಗೂ ಗೊತ್ತಿಲ್ಲ. ಒಲೆಯಲ್ಲಿ ಬ್ರೆಡ್ ಇದ್ದಾಗ ನನ್ನನ್ನ ಯಾರಾದ್ರೂ ಕರೆದ್ರೆ ನಾನೂ ಒಂದ್ನಿಮಿಷ ಅಂತೀನಿ. ಕಣ್ಣಿಗೆ ಕಿಡಿ ಬಿದ್ದ ದಿನಾನೂ ಆ ತಟ್ಟೆ ಪೂರ್ತಿ ಇಳಿಸಿಯೇ ಆಸ್ಪತ್ರೆಗೆ ಹೋಗಿದ್ದು." ಬೆರಳಿನ ಹಿಟ್ಟು ಕೊಡವಿಕೊಂಡು, "ಬೇಗ ಬಂದಿದ್ರೆ ಕಣ್ಣು ಉಳೀತಿತ್ತು ಅಂದ್ರು," ಎಂದಳು.

ಆ ದಿನ ಕಂದು ಬಣ್ಣದ ಮೂರು ಪದರ ಆದವು. ಅಂಚಿನ ಹಸಿರು ಸಿಕ್ಕಿತು. ಕಣ್ಣು ಇನ್ನೂ ನೋಡುತ್ತಿರಲಿಲ್ಲ, ಆದರೆ ನೋಡಲು ಸಿದ್ಧವಾಗಿತ್ತು. ಉಳಿದದ್ದು ಪಾಪೆಯ ಆಳ, ಮೇಲಿನ ಹೊಳಪು, ನಾಲ್ಕರ ಜಾಗದ ಆ ಚುಕ್ಕೆ. ಇನ್ನೊಂದು ಬೆಳಗು ಸಾಕಿತ್ತು.

ಭಾನುವಾರ ಬೇಕರಿಯಾಕೆ ಬಂದಾಗ ಐದೂ ಇಪ್ಪತ್ತು. ಎರಡು ಪಾಳಿಯ ಕೆಲಸ ಒಬ್ಬಳೇ ಮಾಡಿ ಬಂದಿದ್ದಳು. ಕಾಗದದಲ್ಲಿ ಸುತ್ತಿದ ಒಂದು ಬ್ರೆಡ್ಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ನಾಳೆ ಇದನ್ನ ಒಡೀತಾರಲ್ಲ, ಅದಕ್ಕೆ ನಿಮ್ಮಕ್ಕನ ಲೆಕ್ಕದಲ್ಲಿ ತಂದೆ," ಎಂದು ಎಡಗಣ್ಣು ತೋರಿಸಿದಳು. ಶಾಲು ಎಳೆದುಕೊಂಡು ಕುರ್ಚಿಗೆ ಒರಗಿದಳು.

ತಂಗಿ ಪಾಪೆಯ ಕಪ್ಪನ್ನು ತುಂಬಿದಳು. ಮೊದಲೆರಡು ದಿನ ಆ ಕಣ್ಣು ಆಗಾಗ ಆಚೀಚೆ ಸರಿಯುತ್ತಿತ್ತು, ರೆಪ್ಪೆ ಬಡಿಯುತ್ತಿತ್ತು. ಅದು ಮತ್ತೆ ನೆಲೆಗೆ ಬರುವವರೆಗೆ ಕಾಯಬೇಕಾಗುತ್ತಿತ್ತು. ಇವತ್ತು ಅದು ಅಲುಗಲೇ ಇಲ್ಲ. ತಲೆಯೆತ್ತಿದಾಗಲೆಲ್ಲ ಅಲ್ಲಿತ್ತು. ತಂಗಿಯ ಕೈ ಇಷ್ಟು ಹಗುರಾಗಿ ಎಂದೂ ಓಡಿರಲಿಲ್ಲ. ಕ್ಯಾನ್ವಾಸಿನ ತೆಳುವಾದ ಜಾಗದಲ್ಲಿ ಅಕ್ಕ ನಿಧಾನವಾಗಿ ಈ ಕಡೆ ತಿರುಗುತ್ತಿದ್ದಳು. ತಂಗಿ ತಟ್ಟೆಯಲ್ಲಿ ಕೆಂಪು, ಹಳದಿ, ಒಂದಿಷ್ಟು ಕಪ್ಪು ಕಲೆಸಿ ತುಕ್ಕಿನ ಬಣ್ಣ ಮಾಡಿಕೊಂಡಳು. ಕುಂಚದ ತುದಿಯನ್ನು ಅದರಲ್ಲಿ ಅದ್ದಿ, ಚುಕ್ಕೆಯ ಜಾಗವನ್ನು ಇನ್ನೊಮ್ಮೆ ಅಳೆಯಲು ತಲೆಯೆತ್ತಿದಳು.

ಆಗಲೇ ಅವಳು ಮುಖವನ್ನು ಇಡಿಯಾಗಿ ನೋಡಿದ್ದು.

ಬಲಗಣ್ಣು ಮುಚ್ಚಿತ್ತು. ತಲೆ ಕುರ್ಚಿಯ ಬೆನ್ನಿಗೆ ವಾಲಿತ್ತು, ಬಾಯಿ ತುಸು ತೆರೆದಿತ್ತು. ಶಾಲು ಹೊದ್ದ ಮೈ, ಮಡಿಲಲ್ಲಿ ಚೀಲ, ಕಾಲಲ್ಲಿ ಚಪ್ಪಲಿ. ಎಡಗಣ್ಣು ಮಾತ್ರ ತೆರೆದುಕೊಂಡು, ರೆಪ್ಪೆ ಬಡಿಯದೆ, ಬಾಗಿಲನ್ನೇ ನೋಡುತ್ತಿತ್ತು. ನಾಲ್ಕು ವರ್ಷದ ಹಿಂದೆ ಬಾಗಿಲು ತೆಗೆದಾಗ ಕಂಡದ್ದೆಲ್ಲ ಒಂದೂ ಬಿಡದೆ ಅದೇ ಜಾಗದಲ್ಲಿ ಇತ್ತು.

ನಿದ್ದೆ ಹೋಗಿದ್ದಾಳೆ, ಎಂದುಕೊಂಡಳು ತಂಗಿ. ಇಡೀ ರಾತ್ರಿ ಒಲೆಯ ಮುಂದೆ ನಿಂತವಳು. ಯಜಮಾನರು ಹೇಳಿಯೇ ಇದ್ದರು, ರೆಪ್ಪೆ ಮುಚ್ಚದೇ ಇರಬಹುದು ಎಂದು. ಎದೆ ಏರಿಳಿಯುತ್ತಿದೆಯೇ ಎಂದು ನೋಡಿದಳು. ಶಾಲು ದಪ್ಪಗಿತ್ತು, ಏನೂ ತಿಳಿಯಲಿಲ್ಲ. ಗೋಡೆಯ ಗಡಿಯಾರದಲ್ಲಿ ಏಳಕ್ಕೆ ಹದಿನೈದು ನಿಮಿಷವಿತ್ತು. ಅಷ್ಟರಲ್ಲಿ ಹೊಳಪು, ಚುಕ್ಕೆ ಎರಡೂ ಆಗುತ್ತಿದ್ದವು. ಇಷ್ಟು ನಿಶ್ಚಲವಾಗಿ, ಇಷ್ಟು ಬೆಳಕಿನಲ್ಲಿ ಆ ಕಣ್ಣು ಇನ್ನು ಯಾವತ್ತೂ ಸಿಗುವುದಿಲ್ಲ. ನಾಳೆ ಅದು ಪುಡಿಯಾಗುತ್ತದೆ. ನಿದ್ದೆ ಮಾಡುವವಳನ್ನು ಎಬ್ಬಿಸುವುದಾದರೂ ಯಾಕೆ. ಏಳಕ್ಕೆ ಎಬ್ಬಿಸಿದರಾಯಿತು.

ಅವಳು ಮೇಲಿನ ಹೊಳಪಿಗಾಗಿ ಇನ್ನೊಂದು ಕುಂಚ ತೆಗೆದುಕೊಂಡು ಒಂದು ಗೆರೆ ಎಳೆದಳು. ಸರಿಯಾಗಿ ಬಂತು. ಇನ್ನೊಂದು ಎಳೆದಳು. ಅದೂ ಸರಿಯಾಗಿ ಬಂತು. ತನ್ನ ಕೈ ಎಳೆಯುತ್ತಿರುವುದನ್ನು ತಾನೇ ನೋಡಿದಳು. ಕುರ್ಚಿಯ ಕಡೆಯಿಂದ ಸದ್ದಿಲ್ಲ. ಆರೂವರೆಗೆ ಕಿರುಗುಟ್ಟುವ ಕುರ್ಚಿ ಇವತ್ತು ಕಿರುಗುಟ್ಟಿಯೇ ಇರಲಿಲ್ಲ. ಅಥವಾ ಕಿರುಗುಟ್ಟಿತ್ತೋ, ತನಗೇ ಕೇಳಿಸಲಿಲ್ಲವೋ.

ಅವಳು ಎದ್ದಳು. ಪಕ್ಕದ ಸ್ಟೂಲು ಉರುಳಿತು, ಅದರ ಮೇಲಿದ್ದ ತಟ್ಟೆ, ತುಕ್ಕಿನ ಬಣ್ಣದ ಕುಂಚ ನೆಲಕ್ಕೆ ಬಿದ್ದವು. ಹೊಸ್ತಿಲು ಎರಡೇ ಹೆಜ್ಜೆ ದೂರ. ಹತ್ತೊಂಬತ್ತು ವರ್ಷದಲ್ಲಿ, ಒಮ್ಮೆ ಕೆಲಸ ಶುರು ಮಾಡಿದ ಮೇಲೆ, ಏಳಾಗುವ ಮೊದಲು ಅವಳು ಅದನ್ನು ದಾಟಿರಲಿಲ್ಲ. ದಾಟಿ, ಕುರ್ಚಿಯ ಮುಂದೆ ಮೊಣಕಾಲೂರಿ, ಬಣ್ಣದ ಕೈಯಿಂದಲೇ ಬೇಕರಿಯಾಕೆಯ ಕೈ ಹಿಡಿದಳು.

"ಅಕ್ಕಾ."

ಬಲಗಣ್ಣು ತೆರೆಯಲಿಲ್ಲ. ಎಡಗಣ್ಣು ಅವಳ ತಲೆಯ ಮೇಲಿಂದ ಬಾಗಿಲನ್ನು ನೋಡುತ್ತಿತ್ತು. ಅಕ್ಕ ಹೋದ ಮೇಲೆ ತಂಗಿ ಯಾರನ್ನೂ ಹಾಗೆ ಕರೆದಿರಲಿಲ್ಲ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿಯೂ. ಇನ್ನೊಮ್ಮೆ ಕರೆದಳು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

"ಅಕ್ಕಾ."

ಬಲಗಣ್ಣು ತೆರೆಯಿತು. ಬೇಕರಿಯಾಕೆ ಗಡಬಡಿಸಿ ಚೀಲ ಹಿಡಿದುಕೊಂಡು ನೆಟ್ಟಗೆ ಕೂತಳು. ಕುರ್ಚಿ ಕಿರುಗುಟ್ಟಿತು.

"ಏಳಾಯ್ತಾ?"

"ಇಲ್ಲ," ಎಂದಳು ತಂಗಿ. "ಇನ್ನೂ ಆಗಿಲ್ಲ."

"ಮತ್ತೆ ಎದ್ದು ಬಂದ್ರಿ?"

ಬೇಕರಿಯಾಕೆ ತಂಗಿಯನ್ನು ನೋಡಿದಳು, ಒಳಗೆ ಬಿದ್ದಿದ್ದ ಸ್ಟೂಲನ್ನು ನೋಡಿದಳು. ಹಿಡಿದ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಅವಳ ಅಂಗೈ ಬೆಚ್ಚಗಿತ್ತು, ಹಿಟ್ಟಿನಿಂದ ಒರಟಾಗಿತ್ತು.

ತಂಗಿ ಅಲ್ಲೇ ನೆಲದ ಮೇಲೆ, ಕುರ್ಚಿಯ ಕಾಲಿಗೆ ಒರಗಿ ಕೂತಳು. ಅಲ್ಲಿಂದ ಒಳಕೋಣೆ ಹೇಗೆ ಕಾಣುತ್ತದೆಂದು ಅವಳಿಗೆ ಇದುವರೆಗೆ ಗೊತ್ತಿರಲಿಲ್ಲ. ಚಿತ್ರದ ಹಿಂಬದಿ ಕಾಣುತ್ತಿತ್ತು, ಮರದ ಚೌಕಟ್ಟು, ಮೊಳೆಗಳು. ಕಿಟಕಿಯ ಕಟ್ಟೆಯ ಮೇಲೆ ಬ್ರೆಡ್ಡು ಕಾಣುತ್ತಿತ್ತು. ಏಳು ಹೊಡೆಯುವವರೆಗೆ ಇಬ್ಬರೂ ಹಾಗೆಯೇ ಕೂತಿದ್ದರು. ಒಳಗೆ, ನೆಲದ ಮೇಲೆ, ತೊಳೆಯದೆ ಬಿಟ್ಟ ಕುಂಚದ ತುದಿಯಲ್ಲಿ ತುಕ್ಕಿನ ಬಣ್ಣ ಒಣಗುತ್ತಿತ್ತು.